ನೆರೆಯ ಲೆಕ್ಕದ ಪುಸ್ತಕಕ್ಕೆ ‘ದಾನ’ವೋ ‘ನೆರವೋ’?

ಗಂಗಾವಳಿ ದಂಡೆ (ಪ್ರಶ್ನೆ):
ಅಂಕೋಲಾ ತಾಲ್ಲೂಕಿನ ನಮ್ಮ ಊರಿನಲ್ಲಿ, ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿದವರಿಗೆ ಅಕ್ಕಿ, ಚಾದರ ಮತ್ತು ಸ್ವಲ್ಪ ಹಣ ಒದಗಿಸುವ ಸಣ್ಣ ಸಮಿತಿಯೊಂದಿದೆ. ಅದರ ಲೆಕ್ಕ ಬರೆಯುವ ಕೆಲಸ ನನ್ನದು. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ನಾವು ಅವಸರದಿಂದ ಪುಸ್ತಕದ ಮೇಲೆ ‘ದಾನ ಪಡೆದವರ ಪಟ್ಟಿ’ ಎಂದು ಬರೆದುಬಿಟ್ಟೆವು. ಜೀವಮಾನವಿಡೀ ಗದ್ದೆಯಲ್ಲಿ ದುಡಿದ ಹಿರಿಯ ಹೆಂಗಸೊಬ್ಬರು ಅದನ್ನು ಓದಿ, “ನಾನು ದಾನಕ್ಕೆ ಕೈಯೊಡ್ಡುವವಳಲ್ಲ” ಎಂದು ಅಕ್ಕಿಯ ಚೀಲವನ್ನು ಅಲ್ಲೇ ಬಿಟ್ಟು ಹೋದರು. ಆ ದಿನ ಅವರ ಮನೆಯಲ್ಲಿ ಒಲೆ ಹೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಆ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗ ಹೊಸ ಪುಸ್ತಕ ಮಾಡಿಸುತ್ತಿದ್ದೇವೆ. ದಾನ, ದೇಣಿಗೆ, ನೆರವು, ಸಹಾಯಧನ, ಪರಿಹಾರ, ಇವುಗಳಲ್ಲಿ ಯಾವುದು ಕೊಟ್ಟವರ ಪುಟಕ್ಕೆ, ಯಾವುದು ಪಡೆದವರ ಪುಟಕ್ಕೆ ಸಲ್ಲುತ್ತದೆ?

ಕಾಳಿ ತೀರ, ಕಾರವಾರ:
ದಯವಿಟ್ಟು ‘ಪರಿಹಾರ’ವನ್ನು ಮೊದಲು ಕೈಬಿಡಿ. ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟ ನಮ್ಮ ಕಡೆಯ ಕುಟುಂಬಗಳು ಪರಿಹಾರ ಕೇಳಿದ್ದು ಯಾರ ದಯೆಯನ್ನೂ ಬೇಡಿ ಅಲ್ಲ, ಕಳೆದುಕೊಂಡದ್ದರ ಬೆಲೆಯನ್ನು. ಊರವರು ಕೊಟ್ಟ ಅಕ್ಕಿಗೂ ಅದೇ ಹೆಸರಿಟ್ಟರೆ, ‘ಇವರಿಗೆ ಪರಿಹಾರ ಸಿಕ್ಕಿದೆ’ ಎಂಬ ಮಾತು ಹುಟ್ಟಿ, ಸರ್ಕಾರದಿಂದ ಹಕ್ಕಾಗಿ ಬರಬೇಕಾದದ್ದಕ್ಕೇ ಕುತ್ತು ಬಂದೀತು. ‘ಸಹಾಯಧನ’ವೂ ಕಚೇರಿಯ ಪದವೇ. ಆದರೆ ಕಚೇರಿಯಲ್ಲಿಯೂ ಪದಗಳ ಬಗ್ಗೆ ಯೋಚನೆ ನಡೆದಿದೆ: ಹಿಂದೆ ‘ಗಂಜಿ ಕೇಂದ್ರ’ ಎನ್ನುತ್ತಿದ್ದುದನ್ನು ಈಗ ‘ಕಾಳಜಿ ಕೇಂದ್ರ’ ಎಂದು ಬರೆಯುತ್ತಾರೆ. ಗಂಜಿ ನಮ್ಮ ಕರಾವಳಿಯ ನಿತ್ಯದ ಊಟ, ಅದರಲ್ಲಿ ಕೀಳೆಂಬುದಿಲ್ಲ. ಆದರೂ ಸ್ವಂತ ಮನೆ ಮುಳುಗಿದವರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಆ ಹೆಸರು ಚುಚ್ಚುತ್ತಿತ್ತು. ನನ್ನ ಮತ ‘ನೆರವಿ’ಗೆ.

ಶಿರಸಿ ಸೀಮೆ:
‘ನೆರವು’ ಸರಿ. ಆದರೆ ‘ದಾನ’ದ ಮೇಲೆ ತಪ್ಪು ಹೊರಿಸಬೇಡಿ. ಜೈನರು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ಬಗೆಯ ದಾನಗಳನ್ನು ಹೇಳುತ್ತಾರೆ. ಹೆದರಿದವರಿಗೆ ಧೈರ್ಯ ಕೊಡುವುದೂ ದಾನವೇ ಎಂಬ ಮಾತು ನೆರೆಯ ರಾತ್ರಿಯಲ್ಲಿ ಎಷ್ಟು ನಿಜವೆಂದು ನಿಮಗೇ ಗೊತ್ತು. ತೊಡಕು ಇರುವುದು ಬೇರೆಡೆ: ಕೊಟ್ಟವರಿಗೆ ‘ದಾನಿ’ ಎಂಬ ಹೆಸರಿದೆ, ಅತ್ತಿಮಬ್ಬೆಗೆ ‘ದಾನಚಿಂತಾಮಣಿ’ ಎಂಬ ಬಿರುದೇ ಇದೆ, ಪಡೆದವರಿಗೆ ಅಂಥ ಗೌರವದ ಹೆಸರಿಲ್ಲ. ಮಠದ ಗುರುಗಳಿಗೆ ಸಲ್ಲಿಸಿದಾಗ ‘ಭಿಕ್ಷಾಸೇವೆ’ ಎನಿಸುವುದು, ಬಡವನ ಕೈಗೆ ಬಂದಾಗ ಬರಿಯ ಭಿಕ್ಷೆಯಾಗುತ್ತದೆ. ಹಿಂದೆ ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದ ಪದ್ಧತಿಗೆ ‘ವಾರಾನ್ನ’ ಎನ್ನುತ್ತಿದ್ದರು. ಆ ಪದದಲ್ಲಿ ಕೊಟ್ಟವರೂ ಕಾಣುವುದಿಲ್ಲ, ಉಂಡವರೂ ಕಾಣುವುದಿಲ್ಲ. ಇರುವುದು ವಾರ ಮತ್ತು ಅನ್ನ ಮಾತ್ರ. ಕೊಟ್ಟವರ ಪುಟಕ್ಕೆ ನಾನಾದರೆ ‘ವಂತಿಗೆ’ ಎಂದು ಬರೆಯುತ್ತೇನೆ. ವಂತು ಎಂದರೆ ಪಾಲು. ತೇರಿಗಾಗಲಿ, ಶಾಲೆಯ ಮಾಡಿಗಾಗಲಿ ಎಲ್ಲರೂ ಹಾಕುವಂಥದ್ದು. ದೇಣಿಗೆ ಎಂದೊಡನೆ ದೊಡ್ಡ ಮೊತ್ತ ಕೊಟ್ಟವರ ಹೆಸರು ಫಲಕಕ್ಕೆ ಏರುತ್ತದೆ.

ಭಟ್ಕಳದಿಂದ:
ನಮ್ಮಲ್ಲಿ ಜಕಾತ್ ಬೇರೆ, ಸದಕಾ ಬೇರೆ. ಸದಕಾ ಮನಸ್ಸಿಗೆ ಬಂದಂತೆ ಕೊಡುವಂಥದ್ದು. ಜಕಾತ್ ಹಾಗಲ್ಲ, ನಿಗದಿತ ಮಿತಿಯನ್ನು ಮೀರಿ ಒಂದು ವರ್ಷ ಉಳಿದ ಹಣದಲ್ಲಿ ಶೇಕಡಾ 2.5ರಷ್ಟನ್ನು ಕೊಡಲೇಬೇಕು, ಮತ್ತು ಅದು ಬಡವರಿಗೆ ಸೇರಬೇಕಾದ ಪಾಲು. ಕನ್ನಡದಲ್ಲಿ ಸುಂಕಕ್ಕೆ ಹೇಳುವ ‘ಜಕಾತಿ’ಯೂ ಅದೇ ಮೂಲದ್ದು. ಹೀಗೆ ನೋಡಿದರೆ ತೆಗೆದುಕೊಳ್ಳುವವರು ತಲೆತಗ್ಗಿಸಬೇಕಾಗಿಲ್ಲ. ಇನ್ನೊಂದು ವಿನಂತಿ: ತಲೆಬರಹ ಬದಲಾದರೂ, ಹೆಸರುಗಳ ಪಟ್ಟಿಯನ್ನು ಎಲ್ಲರೆದುರು ಬಿಚ್ಚಿಟ್ಟರೆ ನೋವು ಉಳಿಯುತ್ತದೆ. ಸಾಮಾನನ್ನು ಮನೆಗೇ ಮುಟ್ಟಿಸಿ.

ಗಂಗಾವಳಿ ದಂಡೆ:
ಎಲ್ಲರಿಗೂ ವಂದನೆಗಳು. ಕೊಟ್ಟವರ ಪುಟಕ್ಕೆ ‘ವಂತಿಗೆ’, ಇನ್ನೊಂದಕ್ಕೆ ‘ನೆರವು ಮುಟ್ಟಿದ ಮನೆಗಳು’ ಎಂದು ಸಮಿತಿಯ ಮುಂದಿಡುತ್ತೇನೆ. ವ್ಯಕ್ತಿಗಳ ಹೆಸರಿನ ಬದಲು ಮನೆಯ ನಂಬರು ಸಾಕು. ಲೆಕ್ಕ ತಪಾಸಣೆಗೆ ರುಜು ಬೇಕೇ ಬೇಕಾದ್ದರಿಂದ ಆ ಅಂಕಣ ಉಳಿಯುತ್ತದೆ. ಅದರ ಮೇಲೆ ‘ಪಡೆದಿದ್ದೇನೆ’ ಎಂಬುದನ್ನು ತೆಗೆದು ‘ಮುಟ್ಟಿದೆ’ ಎಂದಷ್ಟೇ ಅಚ್ಚು ಹಾಕಿಸುತ್ತೇವೆ.