ಪಾಸ್‌ವರ್ಡ್ ಕೊಟ್ಟರೆ ನಂಬಿಕೆ ಬರುತ್ತಾ?

ಗುಂಪು: ಅಜ್ಜಿ ಮನೆ ಮಕ್ಕಳು

ಶಿವಮೊಗ್ಗ ಅಣ್ಣ: *ಫಾರ್ವರ್ಡ್ ಆದದ್ದು* ಸಂಗಾತಿಗೆ ಮೋಸ ಮಾಡಿ ಸಿಕ್ಕಿಬಿದ್ದಿದ್ದೀರಾ? ಫೋನ್ ಪಾಸ್‌ವರ್ಡ್ ಕೊಟ್ಟುಬಿಡಿ. ಲೊಕೇಶನ್ ಆನ್ ಇಡಿ. ಒಂದು ಸಲ ಮನಸಾರೆ ಕ್ಷಮೆ ಕೇಳಿ. ಆಮೇಲೆ ಇಬ್ಬರೂ ಹಳೆಯ ಮಾತು ಎತ್ತಬಾರದು. 90 ದಿನದಲ್ಲಿ ನಂಬಿಕೆ ವಾಪಸ್!

ಶಿವಮೊಗ್ಗ ಅಣ್ಣ: ಚೆನ್ನಾಗಿ ಬರೆದಿದ್ದಾರೆ. ಎಲ್ಲರೂ ಓದಿ.

ಅತ್ತಿಗೆ: 90 ದಿನ ಅಂತ ಯಾರು ಲೆಕ್ಕ ಹಾಕಿದರು ರೀ?

ಶಿವಮೊಗ್ಗ ಅಣ್ಣ: ಲೆಕ್ಕ ಬಿಡು. ವಿಷಯ ಸರಿ ಇದೆ ಅಲ್ವಾ? ಕ್ಷಮಿಸಿದ ಮೇಲೂ ಕೆದಕುತ್ತಾ ಕೂತರೆ ಸಂಸಾರ ನಡೆಯುವುದು ಹೇಗೆ?

ಲಾಯರ್ ತಮ್ಮ: ಕಾನೂನು ಕೂಡ ಅಷ್ಟು ಸುಲಭ ಮಾಡಿಲ್ಲ ಅಣ್ಣ. 2018ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 497ನೇ ಸೆಕ್ಷನ್ ತೆಗೆದುಹಾಕಿತು. ಹಾಗಾಗಿ ಮದುವೆಯ ಹೊರಗಿನ ಸಂಬಂಧ ಈಗ ಕ್ರಿಮಿನಲ್ ಅಪರಾಧ ಅಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಅದು ಈಗಲೂ ಕಾರಣ. ಗೊತ್ತಿದ್ದೂ ಕ್ಷಮಿಸಿ ಮತ್ತೆ ಜೊತೆಗೆ ಬಾಳಿದರೆ ಮಾತ್ರ ಅದೇ ತಪ್ಪನ್ನು ಹಿಡಿದು ವಿಚ್ಛೇದನ ಕೇಳಲು ಬರುವುದಿಲ್ಲ.

ಶಿವಮೊಗ್ಗ ಅಣ್ಣ: ನಾನು ಹೇಳಿದ್ದೂ ಅದೇ. ಕ್ಷಮಿಸಿದರೆ ಮುಗಿಯಿತು.

ಲಾಯರ್ ತಮ್ಮ: ಪೂರ್ತಿ ಕೇಳು. 1975ರಲ್ಲಿ ದಾಸ್ತಾನೆ ಕೇಸ್ ಅಂತ ಒಂದು ಬಂತು. ಅದು ಕ್ರೌರ್ಯದ ಕೇಸ್. ಅಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಗಂಡ ಹೆಂಡತಿ ನಡುವಿನ ಕ್ಷಮೆಯ ಒಳಗೆ ಒಂದು ಷರತ್ತು ಇದ್ದೇ ಇರುತ್ತದೆ ಅಂತ. ಮತ್ತೆ ತಪ್ಪು ಮಾಡಿದರೆ ಹಳೆಯದಕ್ಕೂ ಜೀವ ಬರಬಹುದು. ಕೋರ್ಟೇ ಮರೆತುಬಿಡು ಅನ್ನದಿರುವಾಗ ನೀನು ಹೇಗೆ ಹೇಳುತ್ತೀಯ?

ದೊಡ್ಡಕ್ಕ: ನನ್ನ ವಿಷಯ ಈ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಮುಚ್ಚಿಡದೆ ಹೇಳುತ್ತೇನೆ. ಪಾಸ್‌ವರ್ಡ್ ನನಗೂ ಸಿಕ್ಕಿತ್ತು. ನಿಮ್ಮ ಭಾವ ಮೋಸ ಮಾಡಿದ್ದು ಗೊತ್ತಾದ ದಿನವೇ ಕೊಟ್ಟರು. ರಾತ್ರಿ ಅವರು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಫೋನ್ ನೋಡುತ್ತಿದ್ದೆ. ಏನೂ ಸಿಗದಿದ್ದರೆ ಅಳಿಸಿರಬೇಕು ಅನ್ನಿಸುತ್ತಿತ್ತು. ಗೊತ್ತಿಲ್ಲದ ನಂಬರ್ ಕಂಡರೆ ಕೈ ನಡುಗುತ್ತಿತ್ತು. ಗ್ಯಾಸ್ ಏಜೆನ್ಸಿ ನಂಬರ್ ಆಗಿದ್ದರೂ ಸರಿ. ನಾಲ್ಕು ತಿಂಗಳು ಹೀಗೇ ಹೋಯಿತು. ನಂಬಿಕೆ ಒಂದು ಚೂರೂ ಬರಲಿಲ್ಲ. ನಿದ್ದೆ ಮಾತ್ರ ಹೋಯಿತು.

ನಾನು: ಹಾಗಾದರೆ ಪಾಸ್‌ವರ್ಡ್ ಕೊಡಲೇಬಾರದಾ ಅಕ್ಕ?

ದೊಡ್ಡಕ್ಕ: ಕೇಳಿದರೆ ಕೊಡಬೇಕು. ಅಂಥ ಹೊತ್ತಿನಲ್ಲಿ ಇಲ್ಲ ಅನ್ನುವ ಮುಖ ಎಲ್ಲಿರುತ್ತದೆ? ಆದರೆ ಅದನ್ನೇ ನಂಬಿಕೆ ಅಂದುಕೊಳ್ಳಬಾರದು.

ಪುಟ್ಟಿ: ನಮಗೆ ಕೌನ್ಸೆಲಿಂಗ್ ಕ್ಲಾಸಿನಲ್ಲಿ ಶರ್ಲಿ ಗ್ಲಾಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆಯ ಬಗ್ಗೆ ಪಾಠ ಇತ್ತು. ಅವರು ಹೇಳುವುದು ಹೀಗೆ. ಗಂಡ ಹೆಂಡತಿ ನಡುವೆ ಕಿಟಕಿ ಇರಬೇಕು, ಹೊರಗಿನವರ ಕಡೆಗೆ ಗೋಡೆ ಇರಬೇಕು. ಇನ್ನೊಂದು ಸಂಬಂಧ ಶುರುವಾದಾಗ ಇದು ತಿರುಗುಮುರುಗಾಗುತ್ತದೆ. ಮನೆಯ ಮಾತು ಹೊರಗಿನವರಿಗೆ ಗೊತ್ತು, ಹೊರಗಿನ ಗುಟ್ಟು ಮನೆಯವರಿಗೆ ಗೊತ್ತಿಲ್ಲ. ಸರಿಹೋಗಬೇಕಾದರೆ ಗೋಡೆ, ಕಿಟಕಿ ಎರಡೂ ಮತ್ತೆ ತಮ್ಮ ಜಾಗಕ್ಕೆ ಬರಬೇಕು.

ದೊಡ್ಡಕ್ಕ: ನಿಜ ಪುಟ್ಟಿ. ನಾನು ಮಾಡುತ್ತಿದ್ದುದು ಗೋಡೆಯ ಬಿರುಕಿನಲ್ಲಿ ಇಣುಕುವುದು. ಕಿಟಕಿಯನ್ನು ಅವರೇ ಒಳಗಿನಿಂದ ತೆರೆಯಬೇಕಿತ್ತು.

ನಾನು: ತೆರೆದರಾ?

ದೊಡ್ಡಕ್ಕ: ಒಂದು ಸಂಜೆ ಕೆಲಸದಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು. "ಇವತ್ತು ಅವಳು ಫೋನ್ ಮಾಡಿದ್ದಳು. ಎರಡು ನಿಮಿಷ ಮಾತಾಡಿದೆ. ಇನ್ನು ಮಾಡಬೇಡ ಅಂದೆ." ನನಗೆ ಎಷ್ಟು ಸಿಟ್ಟು ಬಂತು ಅಂದರೆ ಊಟವೂ ಮಾಡಲಿಲ್ಲ. ಆದರೆ ನಾನು ಕೇಳದೆಯೇ, ಬೈಸಿಕೊಳ್ಳುತ್ತೇನೆ ಅಂತ ಗೊತ್ತಿದ್ದೂ ನಿಜ ಹೇಳಿದ್ದು ಅದೇ ಮೊದಲು. ಅವತ್ತು ರಾತ್ರಿ ಫೋನ್ ಮುಟ್ಟಲಿಲ್ಲ.

ಶಿವಮೊಗ್ಗ ಅಣ್ಣ: ಈಗಲೂ ಹಳೆಯದನ್ನು ಕೇಳುತ್ತೀಯಾ? ಭಾವನಿಗೆ ಬೇಸರ ಆಗುವುದಿಲ್ಲವಾ?

ದೊಡ್ಡಕ್ಕ: ಆಗುತ್ತದೆ. ಆದರೂ ಕೇಳುತ್ತೇನೆ. ಎಷ್ಟು ದಿನದಿಂದ, ಎಲ್ಲಿ, ನನ್ನ ಬಗ್ಗೆ ಅವಳ ಹತ್ತಿರ ಏನು ಹೇಳಿದಿರಿ. ನೂರು ಸಲ ಕೇಳಿದ್ದೇನೆ. ಪ್ರತಿ ಸಲ ಒಂದೇ ಉತ್ತರ ಬಂದರೆ ಮನಸ್ಸು ಸ್ವಲ್ಪ ತಣ್ಣಗಾಗುತ್ತದೆ. "ಎಷ್ಟು ಸಲ ಕ್ಷಮೆ ಕೇಳಲಿ" ಅಂತ ಒಂದು ದಿನ ರೇಗಿದರು ನೋಡು, ಅಲ್ಲಿಯವರೆಗೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಗಾಯ ಆದವರಿಗೆ ಎಷ್ಟು ದಿನ ಬೇಕೋ ಅಷ್ಟು ದಿನ. 90 ಅಂತ ಬೇರೆಯವರು ಬರೆದುಕೊಡುವುದಲ್ಲ.

ಅತ್ತಿಗೆ: ಅಕ್ಕ, ಒಂದು ಮಾತು. ನೀವು ಉಳಿದಿರಿ ಅಂತ ಎಲ್ಲರಿಗೂ ಉಳಿಯಿರಿ ಅನ್ನಬಾರದು. ನಾನಾಗಿದ್ದರೆ ಬಿಟ್ಟು ಬರುತ್ತಿದ್ದೆ. ಗಂಡ ತಪ್ಪು ಮಾಡಿದರೆ ಹೊಂದಿಕೊಂಡು ಹೋಗು ಅನ್ನುತ್ತಾರೆ. ಹೆಂಡತಿ ಮಾಡಿದರೆ ಆ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ದೊಡ್ಡಕ್ಕ: ನೀನು ಹೇಳುವುದು ಸರಿ. ನನಗೆ ಯಾರೂ ಉಳಿ ಅನ್ನಲಿಲ್ಲ. ಅಮ್ಮ "ನಿನ್ನ ರೂಮು ಹಾಗೇ ಇದೆ, ಯಾವಾಗ ಬೇಕಾದರೂ ಬಾ" ಅಂದಳು. ಬಿಟ್ಟು ಹೋಗಬಹುದು ಅಂತ ಗೊತ್ತಿದ್ದುದರಿಂದಲೇ ಉಳಿದು ನೋಡುವ ಧೈರ್ಯ ಬಂತು.

ಪುಟ್ಟಿ: ನಿದ್ದೆ ಬರದೆ ಒದ್ದಾಡುವವರು 14416ಗೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಶಿವಮೊಗ್ಗ ಅಣ್ಣ: ಒಂದು ವಿಷಯ ಹೇಳಬೇಕು. ನನ್ನ ಗೆಳೆಯನ ಮನೆಯಲ್ಲಿ ಈಗ ಹೀಗೇ ಆಗಿದೆ. ತಪ್ಪು ಅವನದು. ಈ ಫಾರ್ವರ್ಡ್ ಬೆಳಿಗ್ಗೆ ಅವನಿಗೂ ಕಳಿಸಿದ್ದೆ. ಅವನು ಅದನ್ನು ಹೆಂಡತಿಗೆ ಕಳಿಸಿದನಂತೆ.

ಅತ್ತಿಗೆ: ಅಯ್ಯೋ!

ದೊಡ್ಡಕ್ಕ: ಹಳೆಯ ಮಾತು ಎತ್ತಬಾರದು ಅನ್ನುವುದನ್ನು ಅವಳು ಓದಿದಳಾ?

ಶಿವಮೊಗ್ಗ ಅಣ್ಣ: ಓದಿದ್ದಾಳೆ. ಆಗಿನಿಂದ ಬಾಗಿಲು ಹಾಕಿಕೊಂಡಿದ್ದಾಳಂತೆ.

ದೊಡ್ಡಕ್ಕ: ಅವನಿಗೆ ಈಗಲೇ ಫೋನ್ ಮಾಡು. ಅದನ್ನು ಕಳಿಸಿದ್ದು ತಪ್ಪಾಯಿತು ಅಂತ ಮೊದಲು ಹೇಳಲಿ. ಅವಳು ಏನು ಕೇಳಿದರೂ ಕೂತು ಉತ್ತರ ಕೊಡಲಿ. ತವರಿಗೆ ಹೋಗುತ್ತೇನೆ ಅಂದರೆ ತಡೆಯುವುದು ಬೇಡ.

ಶಿವಮೊಗ್ಗ ಅಣ್ಣ: ಫೋನ್ ಬೇಡ ಅಕ್ಕ. ಇಲ್ಲೇ ವಿನೋಬನಗರ. ಹೋಗಿಯೇ ಬರುತ್ತೇನೆ.