ಸಹಾಯ ಬೇಕು: 12 ಎಂಎಂ ಪ್ಲೇಟ್‌ನಲ್ಲಿ 64 ಎಂಎಂ ತೂತು

ಎಂಎಸ್ (ಮೈಲ್ಡ್ ಸ್ಟೀಲ್, ಅಂದ್ರೆ ಮೆದು ಉಕ್ಕು) ಪ್ಲೇಟ್, 12 ಎಂಎಂ ದಪ್ಪ, ಒಟ್ಟು ನಾಲ್ಕು. ಒಂದೊಂದರಲ್ಲೂ 64 ಎಂಎಂ ತೂತು ಬೇಕು, ಅದರಲ್ಲಿ 2 ಇಂಚಿನ ಪೈಪು (ಹೊರ ವ್ಯಾಸ 60.3) ಸಲೀಸಾಗಿ ಹೋಗಬೇಕು. ಇರೋದು ಅರ್ಧ ಹೆಚ್‌ಪಿ ಸಿಂಗಲ್ ಫೇಸ್ ಪಿಲ್ಲರ್ ಡ್ರಿಲ್ (ಕಂಬಕ್ಕೆ ಕೂರಿಸಿದ ಡ್ರಿಲ್ ಯಂತ್ರ). ಬೆಲ್ಟ್ ಎಷ್ಟೇ ಬದಲಿಸಿದರೂ 480 ಆರ್‌ಪಿಎಂಗಿಂತ ಕೆಳಗೆ ಇಳಿಯಲ್ಲ.

ಬೈಮೆಟಲ್ ಹೋಲ್ ಸಾ (ಅಂಚಿಗೆ ಗರಗಸದ ಹಲ್ಲಿರೋ ಬಟ್ಟಲಿನಂಥ ಕಟ್ಟರ್) ಹಾಕಿದೆ. 3 ಎಂಎಂ ಇಳಿಯೋ ಹೊತ್ತಿಗೆ ಕಿರುಚಾಟ, ಹೊಗೆ, ಹಲ್ಲೆಲ್ಲ ನೀಲಿ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತೆ: 64 ಎಂಎಂಗೆ 480 ಅಂದ್ರೆ ಹಲ್ಲಿನ ವೇಗ ನಿಮಿಷಕ್ಕೆ 96 ಮೀಟರ್. ಇರಬೇಕಾದ್ದು 25ರ ಆಸುಪಾಸು, ಅಂದ್ರೆ ಸುಮಾರು 125 ಆರ್‌ಪಿಎಂ. ಕಟಿಂಗ್ ಆಯಿಲ್ ಸುರಿದೆ, ಚೂರು ಕೆಳಗೆ ಬೀಳಲಿ ಅಂತ ಕೊಯ್ಯೋ ಗೆರೆಗೆ ತಾಗಿದಂತೆ ಒಳಗಡೆ 8 ಎಂಎಂ ತೂತೂ ಹೊಡೆದೆ. ಚೂರು ಸಿಕ್ಕಿಕೊಳ್ಳೋದು ನಿಂತಿತು, ಬಿಸಿ ಮಾತ್ರ ಹಾಗೇ.

ಸುತ್ತ ಸಣ್ಣ ತೂತು ಹೊಡೆದು ಉಳಿಯಲ್ಲಿ ಬಿಡಿಸಿ ಅರದಿಂದ ಉಜ್ಜೋದು ಒಂದು ಪ್ಲೇಟಿಗೆ ಸರಿ, ನಾಲ್ಕಕ್ಕೆ ಕೈ ಬಿದ್ದುಹೋಗುತ್ತೆ. ಕಾರ್ಬೈಡ್ ಹಲ್ಲಿನ ಕಟ್ಟರ್‌ಗೂ 480 ಜಾಸ್ತಿಯೇ.

ಈಗ ಮೋಟರ್‌ಗೂ ಸ್ಪಿಂಡಲ್‌ಗೂ (ಕಟ್ಟರ್ ತಿರುಗಿಸೋ ದಂಡ) ನಡುವೆ ಇನ್ನೊಂದು ಜೋಡಿ ಪುಲ್ಲಿ (ಒಂದೇ ಶಾಫ್ಟಿಗೆ ದೊಡ್ಡದೊಂದು, ಚಿಕ್ಕದೊಂದು) ಕೂರಿಸಿ ವೇಗವನ್ನ ಕಾಲು ಭಾಗಕ್ಕೆ ಇಳಿಸೋ ಯೋಚನೆ. ಹಾಗೆ ಮಾಡಿದರೆ ತಿರುಚು ಬಲವೂ ಹೆಚ್ಚಾಗುತ್ತೆ, ಅದು ಗೊತ್ತು. ಗೊಂದಲ ಇರೋದು ಬೆಲ್ಟ್ ವಿಷಯದಲ್ಲಿ.

120 ಆರ್‌ಪಿಎಂನಲ್ಲಿ 64 ಎಂಎಂ ಹೋಲ್ ಸಾ ತಿರುಗಿಸೋಕೆ ಸ್ಪಿಂಡಲ್ ಕಡೆಗೆ ಒಂದೇ ಎ ಸೆಕ್ಷನ್ (13 ಎಂಎಂ ಅಗಲದ) ವಿ ಬೆಲ್ಟ್ ಸಾಕಾ, ಜಾರುತ್ತಾ? ಮಾಡಿ ನೋಡಿದವರು ಪುಲ್ಲಿ ಅಳತೆ ಸಮೇತ ಹೇಳಿ.