ಸಹಾಯ ಬೇಕು: ಮುಕ್ಕಾಸು, ಹದಿನಾರಾಣೆ ಸೇರಿರೋ ಮಾತುಗಳು

ಎಲ್ಲರಿಗೂ ನಮಸ್ಕಾರ. ಮಂಡ್ಯ, ಮೈಸೂರು ಕಡೆ ಹಳೇ ನಾಣ್ಯದ ಹೆಸರಿಟ್ಟು ಆಡೋ ಮಾತುಗಳನ್ನ ಕೂಡಿಸ್ತಾ ಇದ್ದೀವಿ. ‘ಮುಕ್ಕಾಸಿನ ಬೆಲೆ ಇಲ್ಲ’, ‘ಹದಿನಾರಾಣೆ ಸತ್ಯ’ ಥರದವು.

ಹಳೇ ಲೆಕ್ಕ ಹೀಗಿತ್ತು: ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು, ಅಂದ್ರೆ ರೂಪಾಯಿಗೆ 192 ಕಾಸು. ಮುಕ್ಕಾಸು ಅಂದ್ರೆ ಮೂರು ಕಾಸು, ಕಾಲಾಣೆ. ‘ಮುಕ್ಕಾಲು ಕಾಸು’ ಅಂತ ಅರ್ಥ ಹೇಳೋದು ತಪ್ಪು. ಹದಿನಾರಾಣೆ ಅಂದ್ರೆ ಪೂರ್ತಿ ರೂಪಾಯಿ, ಅದಕ್ಕೇ ಪೂರ್ತಿ ಸತ್ಯ. 1957ರ ಏಪ್ರಿಲ್‌ನಲ್ಲಿ 100 ಪೈಸೆ ಲೆಕ್ಕ ಬಂತು; ಆಮೇಲೂ 25 ಪೈಸೆ ‘ನಾಲ್ಕಾಣೆ’ಯಾಗೇ ಉಳೀತು.

ಮನೇಲಿರೋ ಅಜ್ಜ ಅಜ್ಜೀನ, ಸಂತೆಯ ಹಳೇ ವ್ಯಾಪಾರಿಗಳನ್ನ ಕೇಳಿ. ಬರೀ ಪದ ಕಳಿಸಬೇಡಿ, ಬೈಯೋಕೆ ಬಳಸಿದ್ದೋ ಹೊಗಳೋಕೋ ಗೊತ್ತಾಗಲ್ಲ. ಇಡೀ ವಾಕ್ಯ ಬೇಕು, ಜೊತೆಗೆ ಊರು, ತಾಲ್ಲೂಕು, ಹೇಳಿದವರ ಅಂದಾಜು ವಯಸ್ಸು. ಅವರು ‘ಹದ್ನಾರಾಣೆ’ ಅಂತ ಹೇಳಿದ್ರೆ ಹಾಗೇ ಬರೀರಿ, ದಯವಿಟ್ಟು ತಿದ್ದಬೇಡಿ. ಅರ್ಧ ನಿಮಿಷದ ಧ್ವನಿ ಮುದ್ರಣ ಆದ್ರೆ ಇನ್ನೂ ಒಳ್ಳೇದು. ವಾಟ್ಸಾಪ್‌ನಲ್ಲಿ ಓಡಾಡೋ ಕಥೆಗಳು ಬೇಡ. ‘ಪಾವಲಿ’ (ಅಂದ್ರೆ ನಾಲ್ಕಾಣೆ), ‘ಬಿಡಿಗಾಸು’ ಇರೋ ಗಾದೆಗಳು ನಮಗೆ ತುಂಬಾ ಕಮ್ಮಿ ಸಿಕ್ಕಿವೆ, ಅವನ್ನ ಮೊದಲು ಕೇಳಿ.